ಕುಷ್ಠವೂ ವಿಸರ್ಪವೂ: ಕರೆಗೆ ಬರುವ ಚರ್ಮವೈದ್ಯನ ವಿಚಾರ

ರಟ್ಟರ ಶಾಸನಗಳಲ್ಲಿ ಸುಗಂಧವರ್ತಿಯೆಂದು ಖ್ಯಾತವಾದ ಸವದತ್ತಿಯ ಸೀಮೆಯಲ್ಲಿ, ಚಚಡಿಯೇ ಮೊದಲಾದ ಗ್ರಾಮಗಳ ನಡುವೆ, ಚರ್ಮರೋಗದ ಮಾತು ಬಂದೊಡನೆ ಎಲ್ಲಮ್ಮನ ಗುಡ್ಡವು ನೆನಪಾಗುವುದು ಸಹಜವೇ. ಜಮದಗ್ನಿಯ ಶಾಪದಿಂದ ರೋಗಗ್ರಸ್ತೆಯಾದ ರೇಣುಕೆಯು ಎಕ್ಕಯ್ಯ ಜೋಗಯ್ಯರ ಉಪದೇಶದಂತೆ ಮಿಂದು ಗುಣಹೊಂದಿದಳೆಂಬ ಐತಿಹ್ಯವಿದೆ. ಜೋಗುಳಬಾವಿ, ಎಣ್ಣೆಹೊಂಡಗಳ ಸ್ನಾನದಿಂದ ಚರ್ಮದ ಬೇನೆ ನೀಗುವುದೆಂಬ ನಂಬಿಕೆಯು ಇಂದಿಗೂ ಉಂಟು. ಅದರ ಸತ್ಯಾಸತ್ಯವು ಇಲ್ಲಿ ಪ್ರಕೃತವಲ್ಲ. ರೋಗಿಯೇ ಔಷಧದ ಬಳಿಗೆ ನಡೆದು ಬರತಕ್ಕವನೆಂಬ ಭಾವನೆಯು ಮಾತ್ರ ಗಮನಾರ್ಹವಾಗಿದೆ. ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದು 1162ರ ಶಾಸನವು ವರ್ಣಿಸುವ ಬಳ್ಳಿಗಾವೆಯ ಕೋಡಿಮಠದಲ್ಲಿಯೂ ಕ್ರಮವು ಇದೇ.

ಕುಷ್ಠಕ್ಕೆ ಈ ಕ್ರಮವು ಸಲ್ಲುತ್ತದೆ. ಕುಷ್ಠವೆಂದರೆ ಇಂದಿನ ಒಂದೇ ವ್ಯಾಧಿಯಲ್ಲ. ಶಾಸ್ತ್ರದಲ್ಲಿ ಮಹಾಕುಷ್ಠಗಳು 7, ಕ್ಷುದ್ರಕುಷ್ಠಗಳು 11. ನಾವು ಗಜಕರ್ಣವೆನ್ನುವ ದದ್ರುವನ್ನು ಸುಶ್ರುತನು ಮಹಾಕುಷ್ಠಗಳಲ್ಲಿಯೂ ಚರಕನು ಕ್ಷುದ್ರಕುಷ್ಠಗಳಲ್ಲಿಯೂ ಎಣಿಸಿರುವನು. ಇದನ್ನರಿಯದೆ ಕುಷ್ಠಶಬ್ದವನ್ನು ಕಂಡಲ್ಲೆಲ್ಲ ಒಂದೇ ಅರ್ಥವನ್ನು ಹೇಳುವ ಟೀಕಾಕಾರರು ವಿರಳರಲ್ಲ. ಇವುಗಳಲ್ಲಿ ಬಹುಪಾಲು ನಿಧಾನಗತಿಯವು.

ಆದರೆ ವಿಸರ್ಪವು ಹಾಗಲ್ಲ. ನಾನಾ ದಿಕ್ಕಿಗೆ ಹರಿಯುವುದೆಂಬುದೇ ಅದರ ವ್ಯುತ್ಪತ್ತಿ. ಚರಕನು ಕುಷ್ಠವನ್ನು ಚಿಕಿತ್ಸಾಸ್ಥಾನದ 7ನೆಯ ಅಧ್ಯಾಯದಲ್ಲಿ ಮುಗಿಸಿ, ವಿಸರ್ಪಕ್ಕೆ 21ನೆಯದನ್ನು ಬೇರೆಯಾಗಿಯೇ ಮೀಸಲಿಟ್ಟನು. ಅಗ್ನಿವಿಸರ್ಪದಲ್ಲಿ ಮೈಮೇಲೆ ಕೆಂಡ ಚೆಲ್ಲಿದಂಥ ದಾಹ, ಸುಟ್ಟ ಗಾಯದಂಥ ಬೊಕ್ಕೆ, ಶೀಘ್ರವಾಗಿ ಮರ್ಮಕ್ಕೆ ಇಳಿಯುವಿಕೆ. ಇಂಥ ರೋಗಿಯನ್ನು ಹೊಂಡಕ್ಕೆ ಕಳುಹಿಸಲಾದೀತೆ? ಚರ್ಮರೋಗವೆಲ್ಲ ನಾಳೆ ನೋಡತಕ್ಕದ್ದೆಂಬ ರೂಢಿಗೆ ಶಾಸ್ತ್ರದ ಆಧಾರವಿಲ್ಲವೆಂದೇ ನಮ್ಮ ಅಭಿಪ್ರಾಯ. ಆಂಗ್ಲರ 1898ರ ಕುಷ್ಠರೋಗಿಗಳ ಕಾಯಿದೆಯಾದರೂ ರೋಗಿಯನ್ನು ಬೇರೆಯಿಡುವುದನ್ನೇ ಮುಖ್ಯವಾಗಿ ಎಣಿಸಿತು. ಅದು ರದ್ದಾದದ್ದು 2016ರಲ್ಲಿ.

1922ರಲ್ಲಿ ಸ್ಟೀವನ್ಸ್, ಜಾನ್ಸನ್ ಎಂಬ ವೈದ್ಯರು ವರ್ಣಿಸಿದ ವ್ಯಾಧಿಯಲ್ಲಿಯೂ 1956ರಲ್ಲಿ ಲಯಲ್ ಎಂಬವನು ಹೆಸರಿಟ್ಟ ಅದರ ಉಗ್ರರೂಪದಲ್ಲಿಯೂ ಚರ್ಮವು ಹಾಳೆಹಾಳೆಯಾಗಿ ಸುಲಿಯುತ್ತದೆ. ಅಗ್ನಿವಿಸರ್ಪವೇ ಇದೆಂದು ಸಾಧಿಸುವುದು ದುಡುಕು. ಅವಸರವು ಮಾತ್ರ ಸಮಾನ. ಸಲ್ಫಾ, ಅಪಸ್ಮಾರದ ಮದ್ದು ಮುಂತಾದವುಗಳಿಂದ ಇದು ಹುಟ್ಟುವುದುಂಟು. ಕಾರಣವಾದ ಮದ್ದನ್ನು ಕೂಡಲೆ ನಿಲ್ಲಿಸುವುದೇ ಮೊದಲ ಚಿಕಿತ್ಸೆ. ಆರಂಭದಲ್ಲಿ ಸಾಮಾನ್ಯ ದದ್ದಿನಂತೆ ತೋರುವ ಇದನ್ನು ಗುರುತಿಸಲು, ಆಸ್ಪತ್ರೆಗಳಲ್ಲಿ ರಾತ್ರಿಯೂ ಕರೆದರೆ ಬರುವ ಚರ್ಮವೈದ್ಯನು ಬೇಕು. ಈಗ ದೂರದಿಂದ ಚಿತ್ರವನ್ನು ಕಳುಹಿಸಿ ಅಭಿಪ್ರಾಯ ಪಡೆಯುವ ಪದ್ಧತಿಯೂ ಬಂದಿದೆ. ಚಚಡಿಯಂಥ ಗ್ರಾಮಕ್ಕೆ ಅದೂ ಉಪಕಾರವೇ. ಆದರೆ ವಾಗ್ಭಟನು ಹೇಳಿದ ಪರೀಕ್ಷೆಗಳು ಮೂರು: ದರ್ಶನ, ಸ್ಪರ್ಶನ, ಪ್ರಶ್ನೆ. ಚಿತ್ರದಿಂದ ದರ್ಶನವಾದೀತು, ಮಾತಿನಿಂದ ಪ್ರಶ್ನೆಯಾದೀತು; ಬೆರಳಿನಿಂದ ಉಜ್ಜಿದಾಗ ಚರ್ಮವು ಜಾರಿ ಕಳಚುವುದೋ ಇಲ್ಲವೋ ಎಂಬುದನ್ನು ತಿಳಿಯಲು ಕೈಯೇ ಬೇಕು.