ಒಂದೇ ಹೆಸರು, ಎರಡು ಕಪಾಟು

ನಮ್ಮ ಶಾಲೆಯ ಒಂಬತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಾನೆ. ಎದ್ದುನಿಂತು ಗಟ್ಟಿಯಾಗಿ ಓದು ಅಂದರೆ ಎರಡು ಸಾಲಿಗೇ ಬೆವರುತ್ತಾನೆ. ಅದೇ ಹುಡುಗ ಸ್ಟಾಫ್ ರೂಮಿನಿಂದ ಹಳೆಯ ಪೇಪರ್ ಕೇಳಿ ಒಯ್ದು, ಕ್ರಿಕೆಟ್ ಸ್ಕೋರ್ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಪಂದ್ಯ ಎಲ್ಲಿ ಕೈತಪ್ಪಿತು ಎಂದು ಪಕ್ಕದವನಿಗೆ ಬಿಡಿಸಿ ಹೇಳುತ್ತಾನೆ. ಇಪ್ಪತ್ತೆಂಟು ವರ್ಷದಿಂದ ಕನ್ನಡ ಪಾಠ ಹೇಳುತ್ತಿದ್ದೇನೆ. ಅದೂ ಓದೇ ಎಂದು ನನಗೆ ಹೊಳೆದದ್ದು ತೀರಾ ಈಚೆಗೆ. ಹೊಳೆದ ಮೇಲೆ ಸುಮ್ಮನಿರಲು ಆಗಲಿಲ್ಲ. ಆಟದ ಹುಚ್ಚಿನ ಮಕ್ಕಳನ್ನು ಆಟದ ದಾರಿಯಲ್ಲೇ ಪುಸ್ತಕದ ಹತ್ತಿರ ಕರೆತಂದ ಮೇಷ್ಟ್ರುಗಳು ಯಾರಾದರೂ ಇದ್ದಾರೆಯೇ ಎಂದು ಹುಡುಕತೊಡಗಿದೆ.

ಕಳೆದ ಬೇಸಿಗೆ ರಜೆಯಲ್ಲಿ ಅಮೆರಿಕದ ಅರಿಜೋನಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಊರು ಟೆಂಪಿ. ಮೇ ತಿಂಗಳ ಅಲ್ಲಿನ ಬಿಸಿಲು ನಮ್ಮ ರಾಯಚೂರಿನ ಬಿಸಿಲಿಗೆ ಅಣ್ಣ. ಮಗಳೂ ಅಳಿಯನೂ ಕೆಲಸಕ್ಕೆ ಹೋದ ಮೇಲೆ ವಿಶ್ವವಿದ್ಯಾಲಯದ ಗ್ರಂಥಾಲಯವೇ ನನಗೆ ನೆರಳು. ಅಲ್ಲಿನ ಕ್ಯಾಟಲಾಗಿನಲ್ಲಿ ಕ್ರೀಡೆ, ಹದಿಹರೆಯದ ಓದುಗರು ಎಂದೆಲ್ಲ ಕೊಟ್ಟು ಹುಡುಕಿದಾಗ ‘ಮೋರ್ ದ್ಯಾನ್ ಎ ಗೇಮ್’ ಎಂಬ ಪುಸ್ತಕ ಸಿಕ್ಕಿತು. ಹದಿಹರೆಯದವರಿಗಾಗಿ ಬಂದ ಕ್ರೀಡಾ ಸಾಹಿತ್ಯದ ಸಮೀಕ್ಷೆ, 2004ರದು. ಬರೆದವರು ಕ್ರಿಸ್ ಕ್ರೋ. ಅವರದೇ ಬೇರೆ ಪುಸ್ತಕಗಳೇನಾದರೂ ಇವೆಯೇ ಎಂದು ಹೆಸರನ್ನು ಒತ್ತಿದರೆ 1955ರ ಒಂದು ಕೊಲೆ ಮೊಕದ್ದಮೆಯ ಪುಸ್ತಕ ಎದುರಿಗೆ ಬಂತು. ಮೊದಲನೆಯದು ಸಾಹಿತ್ಯ ವಿಮರ್ಶೆಯ ಕಪಾಟಿನಲ್ಲಿ. ಎರಡನೆಯದು ಡ್ಯೂಯಿ ವರ್ಗೀಕರಣದ 364ರಲ್ಲಿ, ಅಂದರೆ ಅಪರಾಧಗಳ ನಡುವೆ. ಇಬ್ಬರು ಬೇರೆ ಬೇರೆ ಮನುಷ್ಯರು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಗೆರೆ ಎಳೆದೆ.

ಆ ಗೆರೆಯನ್ನು ಮೂರನೇ ದಿನ ಹೊಡೆದುಹಾಕಬೇಕಾಯಿತು. ಲೇಖಕರ ಪರಿಚಯಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದರೆ ಇಬ್ಬರದೂ ಒಂದೇ ಕೆಲಸ, ಒಂದೇ ಜಾಗ: ಯೂಟಾದ ಪ್ರೋವೊದಲ್ಲಿರುವ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ. ಬೆನ್ನು ಹತ್ತಿದೆ. ಕ್ರೋ ಆ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿಯಾಗಿ ಹೋದದ್ದೇ ಫುಟ್‌ಬಾಲ್ ವಿದ್ಯಾರ್ಥಿವೇತನದ ಮೇಲೆ. ನಾವು ಕಾಲಲ್ಲಿ ಆಡುವ ಫುಟ್‌ಬಾಲ್ ಬೇರೆ. ಇದು ಹೆಲ್ಮೆಟ್ ತೊಟ್ಟು ಭುಜಕ್ಕೆ ಭುಜ ಗುದ್ದುವ ಅಮೆರಿಕನ್ ಆಟ. ಓದು ಮುಗಿಸಿ ಅವರು ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರಾದರು, ಜೊತೆಗೆ ಕೋಚ್ ಕೂಡ. ಹತ್ತು ವರ್ಷ ಹಾಗೆ ದುಡಿದ ಶಾಲೆಯ ಹೆಸರು ಮೆಕ್ಲಿಂಟಕ್ ಹೈಸ್ಕೂಲ್. ಊರಿನ ಹೆಸರು ಓದಿ ಕನ್ನಡಕ ತೆಗೆದು ಒರೆಸಿಕೊಂಡೆ: ಟೆಂಪಿ.

ಆ ಸಂಜೆ ಮಗಳ ಕಾರಿನಲ್ಲಿ ಆ ಶಾಲೆಯ ಮೈದಾನದ ಬೇಲಿಯವರೆಗೆ ಹೋಗಿ ಬಂದೆವು. ಅದರಿಂದ ಯಾವ ಹೊಸ ಸಂಗತಿಯೂ ಸಿಗಲಿಲ್ಲ. ಆದರೂ, ಬೆಳಗ್ಗೆ ತರಗತಿಯಲ್ಲಿ ವ್ಯಾಕರಣಕ್ಕೆ ತಲೆತಗ್ಗಿಸಿದ ಹುಡುಗನೇ ಸಂಜೆ ಮೈದಾನದಲ್ಲಿ ತಲೆಯೆತ್ತಿ ಓಡುವುದನ್ನು ನೋಡುವ ಭಾಗ್ಯ ಎಷ್ಟು ಮೇಷ್ಟ್ರುಗಳಿಗಿದೆ ಎಂದು ಅಲ್ಲಿ ನಿಂತಾಗ ಅನ್ನಿಸಿತು. ಕ್ರೋ ಅವರಿಗೆ ಅದು ಹತ್ತು ವರ್ಷ ಸಿಕ್ಕಿತ್ತು. ನನ್ನ ಹುಡುಗ ಆಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಡಾಕ್ಟರೇಟನ್ನೂ ಅವರು ಇದೇ ಊರಿನ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಾಡಿದರು. ನಾನು ಕೂತು ಓದುತ್ತಿದ್ದ ಗ್ರಂಥಾಲಯ ಅದರದೇ. ಹದಿಹರೆಯದ ಸಾಹಿತ್ಯವನ್ನು ಅಮೆರಿಕದಲ್ಲಿ ಗಂಭೀರ ಅಧ್ಯಯನದ ವಿಷಯವಾಗಿಸಿದ ಕೆನ್ ಡೊನೆಲ್ಸನ್, ಅಲೀನ್ ನಿಲ್ಸನ್ ಇಬ್ಬರೂ ಪಾಠ ಹೇಳಿದ ಜಾಗ ಅದು. ಇಂಗ್ಲಿಷ್ ಅಧ್ಯಾಪಕರಿಗಾಗಿ 1912ರಿಂದ ಬರುತ್ತಿರುವ ‘ಇಂಗ್ಲಿಷ್ ಜರ್ನಲ್’ ಪತ್ರಿಕೆಯನ್ನು 1980ರ ದಶಕದಲ್ಲಿ ಸಂಪಾದಿಸಿದವರೂ ಅವರೇ. ಅದೇ ಪತ್ರಿಕೆಯಲ್ಲಿ ಮುಂದೆ ಹದಿಹರೆಯದ ಸಾಹಿತ್ಯದ ಅಂಕಣ ಕ್ರೋ ಅವರ ಕೈಗೆ ಬಂತು. 2001ರ ಸಂಪುಟದಲ್ಲಿ ಕ್ರೀಡಾ ಸಾಹಿತ್ಯದ ಮೇಲಿನ ಅವರ ಬರಹ ಇದೆ. ಮೂರು ವರ್ಷಕ್ಕೆ ಪುಸ್ತಕ.

ಹದಿಹರೆಯದವರ ಕ್ರೀಡಾ ಕಥೆಗಳ ಪರಂಪರೆ ದೊಡ್ಡದು. 1896ರಲ್ಲಿ ಗಿಲ್ಬರ್ಟ್ ಪ್ಯಾಟನ್ ಅಗ್ಗದ ವಾರಪತ್ರಿಕೆಗೆ ಹುಟ್ಟಿಸಿಕೊಟ್ಟ ಫ್ರಾಂಕ್ ಮೆರಿವೆಲ್ ಸೋಲನ್ನೇ ಅರಿಯದ ಹೀರೋ. ಜಾನ್ ಟ್ಯೂನಿಸ್ 1940ರ ಆಸುಪಾಸಿನಲ್ಲಿ ಗೆಲುವಿಗಿಂತ ಆಟಗಾರನ ಒಳಗುದಿಯನ್ನು ಬರೆದರು. 1967ರಲ್ಲಿ ರಾಬರ್ಟ್ ಲಿಪ್‌ಸೈಟ್ ‘ದಿ ಕಂಟೆಂಡರ್’ನಲ್ಲಿ ಹಾರ್ಲೆಮ್‌ನ ಕಪ್ಪು ಹುಡುಗನೊಬ್ಬನನ್ನು ಬಾಕ್ಸಿಂಗ್ ಕಣಕ್ಕೆ ಇಳಿಸಿದರು. ಅಲ್ಲಿಂದಾಚೆ ಆಟದ ಕಥೆ, ಊರು ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಯಾರನ್ನು ಹೊರಗಿಡುತ್ತದೆ ಎಂಬುದರ ಕಥೆಯೂ ಆಯಿತು. ನನ್ನ ಎರಡು ಕಪಾಟುಗಳ ನಡುವಿನ ಬಾಗಿಲು ಇಲ್ಲೇ ಇತ್ತು.

ಕೊಲೆ ಮೊಕದ್ದಮೆಗೆ ಕ್ರೋ ತಲುಪಿದ್ದು ನನ್ನ ಹಾಗೆಯೇ, ಬೇರೆ ಏನನ್ನೋ ಹುಡುಕುತ್ತಾ. ಮಿಲ್ಡ್ರೆಡ್ ಟೇಲರ್ ಎಂಬ ಕಾದಂಬರಿಗಾರ್ತಿಯ ಬಗ್ಗೆ ಪುಸ್ತಕ ಬರೆಯಲು ದಾಖಲೆ ತಿರುವುತ್ತಿದ್ದಾಗ ಎಮೆಟ್ ಟಿಲ್ ಎಂಬ ಹೆಸರು ಎದುರಾಯಿತು. ಅವರಿಗೆ ಗೊತ್ತೇ ಇರದ ಹೆಸರು. ಶಿಕಾಗೋದ ಹದಿನಾಲ್ಕು ವರ್ಷದ ಕಪ್ಪು ಹುಡುಗ, 1955ರ ಬೇಸಿಗೆಯಲ್ಲಿ ಮಿಸಿಸಿಪ್ಪಿಯ ಬಂಧುಗಳ ಮನೆಗೆ ಹೋದವನು, ಬಿಳಿಯರ ಕೈಯಲ್ಲಿ ಕೊಲೆಯಾದ. ಶವಪೆಟ್ಟಿಗೆಯನ್ನು ತೆರೆದೇ ಇಡಿ, ಲೋಕ ನೋಡಲಿ ಎಂದಳು ತಾಯಿ. ‘ಜೆಟ್’ ಪತ್ರಿಕೆ ಆ ಮುಖವನ್ನು ಅಚ್ಚು ಹಾಕಿತು. ಸಮ್ನರ್ ಎಂಬ ಊರಿನಲ್ಲಿ ಐದು ದಿನ ವಿಚಾರಣೆ ನಡೆದು, ಬಿಳಿಯ ಗಂಡಸರಷ್ಟೇ ಇದ್ದ ಜ್ಯೂರಿ ಅರುವತ್ತೇಳು ನಿಮಿಷದಲ್ಲಿ ಆರೋಪಿಗಳಿಬ್ಬರನ್ನೂ ಬಿಟ್ಟುಬಿಟ್ಟಿತು. ನಾಲ್ಕು ತಿಂಗಳಿಗೆ ಅವರು ಪತ್ರಿಕೆಯೊಂದಕ್ಕೆ ಕೊಂದದ್ದು ತಾವೇ ಎಂದು ಹೇಳಿಕೊಂಡರು. ಒಮ್ಮೆ ಬಿಡುಗಡೆಯಾದವರನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಿಸುವಂತಿರಲಿಲ್ಲ. ಕ್ರೋ ಇದನ್ನು 2002ರಲ್ಲಿ ‘ಮಿಸಿಸಿಪ್ಪಿ ಟ್ರಯಲ್, 1955’ ಎಂಬ ಕಾದಂಬರಿಯಾಗಿ, ಮರುವರ್ಷ ದಾಖಲೆಗಳ ಪುಸ್ತಕವಾಗಿ, ಎರಡು ಬಾರಿ ಬರೆದರು. ಎರಡೂ ಹದಿಹರೆಯದವರಿಗೇ. ಕಾದಂಬರಿಯ ನಿರೂಪಕ ತಾತನ ಊರಿಗೆ ಬಂದ ಹದಿನಾರರ ಬಿಳಿಯ ಹುಡುಗ.

2012ರಲ್ಲಿ ಅವರು ಮತ್ತೆ ಮೈದಾನಕ್ಕೆ ಬಂದರು. ‘ಜಸ್ಟ್ ಆ್ಯಸ್ ಗುಡ್’ ಚಿಕ್ಕ ಮಕ್ಕಳ ಚಿತ್ರಪುಸ್ತಕ. ಒಬ್ಬ ಕಪ್ಪು ಹುಡುಗ ಅಪ್ಪನ ಜೊತೆ ರೇಡಿಯೊಗೆ ಕಿವಿಕೊಟ್ಟು ಲ್ಯಾರಿ ಡೋಬಿಯ ಆಟ ಕೇಳುತ್ತಾನೆ. ಬೇಸ್‌ಬಾಲ್‌ನ ವರ್ಣಭೇದ ಮುರಿದವರೆಂದರೆ ಎಲ್ಲರ ಬಾಯಲ್ಲಿ ಜಾಕಿ ರಾಬಿನ್ಸನ್. ಹನ್ನೊಂದೇ ವಾರದ ನಂತರ, 1947ರ ಜುಲೈ 5ರಂದು ಕ್ಲೀವ್‌ಲ್ಯಾಂಡ್ ಪರ ಇಳಿದ ಡೋಬಿಯನ್ನು ನೆನೆಯುವವರು ಕಡಿಮೆ. ಅವನ ಕೈ ಕುಲುಕಲು ಸ್ವಂತ ತಂಡದ ಕೆಲವರೇ ಒಪ್ಪಿರಲಿಲ್ಲ.

ಆ ಪುಸ್ತಕದ ಪಂದ್ಯದ ಸ್ಕೋರನ್ನು ನಾನೇ ನೋಡಬೇಕೆಂಬ ಹಟ ಹತ್ತಿತು. ಪಂದ್ಯ ನಡೆದದ್ದು 1948ರ ಅಕ್ಟೋಬರ್ 9, ಬೇಸ್‌ಬಾಲ್‌ನ ಅಂತಿಮ ಹಣಾಹಣಿಯಾದ ವಿಶ್ವ ಸರಣಿಯ ನಾಲ್ಕನೆಯದು. ಆ ತಾರೀಖಿನ ಮೈಕ್ರೋಫಿಲ್ಮ್ ಹಾಕಿ ತಿರುಗಿಸಿದರೆ ಕ್ಲೀವ್‌ಲ್ಯಾಂಡ್ 2, ಬಾಸ್ಟನ್ 0 ಎಂದಿದೆ. ಪುಸ್ತಕ ಹೇಳುವ ಡೋಬಿಯ ಹೋಮ್‌ರನ್ನಿನ ಸುಳಿವಿಲ್ಲ. ಪುಸ್ತಕ ತಪ್ಪೇ ಎಂದು ಅರ್ಧ ಗಂಟೆ ಕಳವಳಪಟ್ಟೆ. ಆಮೇಲೆ ಬುದ್ಧಿ ಬಂತು: ಇವತ್ತಿನ ಪೇಪರಿನಲ್ಲಿ ಇರುವುದು ನಿನ್ನೆಯ ಆಟ. 10ರ ಪೇಪರಿಗೆ ಸರಿಸಿದೆ. ಇತ್ತು. ನೋಟ್‌ಬುಕ್ಕಿಗೆ ಹಾಗೇ ಇಳಿಸಿಕೊಂಡೆ:

ಬಾಸ್ಟನ್: 0 0 0 0 0 0 1 0 0, ಒಟ್ಟು 1
ಕ್ಲೀವ್‌ಲ್ಯಾಂಡ್: 1 0 1 0 0 0 0 0 ಎಕ್ಸ್, ಒಟ್ಟು 2

ಮೂರನೇ ಇನಿಂಗ್ಸಿನ ಆ ಒಂದು ಡೋಬಿಯ ಹೊಡೆತ. ಒಟ್ಟು ಅಂತರವೂ ಅಷ್ಟೇ, ಒಂದು. ಅಂದರೆ ಎಂಬತ್ತು ಸಾವಿರ ಮೀರಿದ ಜನ ಕೂತಿದ್ದ ಕ್ರೀಡಾಂಗಣದಲ್ಲಿ ಗೆಲುವನ್ನು ಹೊತ್ತು ನಿಂತದ್ದು ಆ ಅಂಕಿ. ಪಂದ್ಯ ಮುಗಿದ ಮೇಲೆ ಬಿಳಿಯ ಪಿಚರ್ ಸ್ಟೀವ್ ಗ್ರೊಮೆಕ್ ಡೋಬಿಯನ್ನು ಕೆನ್ನೆಗೆ ಕೆನ್ನೆ ತಾಗಿಸಿ ತಬ್ಬಿಕೊಂಡ ಫೋಟೊ ಅಮೆರಿಕದ ಉದ್ದಗಲಕ್ಕೂ ಅಚ್ಚಾಯಿತು. ಇಬ್ಬರ ಕಣ್ಣೂ ನಗುವಿನಲ್ಲಿ ಮುಚ್ಚಿಹೋದಂತಿವೆ. ಎಮೆಟ್ ಟಿಲ್‌ನ ಮುಖ ಅಚ್ಚಾಗಲು ಇನ್ನು ಏಳೇ ವರ್ಷ ಇತ್ತು. ಈ ಎರಡು ಫೋಟೊಗಳನ್ನೂ ಒಬ್ಬನೇ ಮೇಷ್ಟ್ರು ಮಕ್ಕಳ ಮುಂದೆ ಇಟ್ಟದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಆಟ ಬಲ್ಲ ಹುಡುಗನಿಗೆ ನ್ಯಾಯ-ಅನ್ಯಾಯ ತಿಳಿಯುತ್ತದೆ, ಅವನಿಗೆ ದೊಡ್ಡ ಸಂಗತಿಯನ್ನೇ ಕೊಡಬಹುದು ಎಂಬ ನಂಬಿಕೆ ಅದರ ಹಿಂದಿದೆ ಎಂದೇ ನಾನು ಓದಿಕೊಂಡಿದ್ದೇನೆ.

ಕ್ರೋ 2014ರಲ್ಲಿ ಇನ್ನೊಂದು ಕೆಲಸ ಮಾಡಿದರು. ‘ಡೆತ್ ಕಮಿಂಗ್ ಅಪ್ ದ ಹಿಲ್’ ವಿಯೆಟ್ನಾಂ ಯುದ್ಧಕಾಲದ ಕಾದಂಬರಿ, ಇಡೀ ಹೈಕುಗಳಲ್ಲಿ. ಹೈಕುವಿಗೆ ಹದಿನೇಳು ಉಚ್ಚಾರಾಂಶ. ಒಟ್ಟು 976 ಹೈಕು. ಗುಣಿಸಿದೆ: 16,592. 1968ರಲ್ಲಿ ಆ ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರ ಸಂಖ್ಯೆಯೆಂದು ಪುಸ್ತಕ ಕೊಡುವುದೂ ಅದೇ. ಒಂದು ಉಸಿರಿಗೆ ಒಂದು ಪ್ರಾಣ. ಕಂದದ ಮಾತ್ರೆಗಳನ್ನು ಬೆರಳಲ್ಲಿ ಎಣಿಸಿ ಕಲಿಸಿದ ನಾನು ಆ ಗುಣಾಕಾರದ ಮುಂದೆ ಬಹಳ ಹೊತ್ತು ಕೂತಿದ್ದೆ. ಅವರು ಕೆಲಕಾಲ ಜಪಾನಿನಲ್ಲೂ ಪಾಠ ಹೇಳಿದವರು. ಹೈಕುವಿನ ಸಂಗ ಅಲ್ಲಿಯದೇ ಇರಬಹುದೆಂಬುದು ನನ್ನ ಊಹೆ ಮಾತ್ರ.

ಈ ದಾರಿಯಲ್ಲಿ ನಡೆದವರು ಅವರೊಬ್ಬರೇ ಏನಲ್ಲ. ಶಿಕಾಗೋದ ಬ್ಯಾಸ್ಕೆಟ್‌ಬಾಲ್ ಹುಡುಗರ ಮಾತು ಮತ್ತು ಓದನ್ನು ಹತ್ತಿರದಿಂದ ನೋಡಿದ ಜಬಾರಿ ಮಹಿರಿ ಇದ್ದಾರೆ. ಇಂಗ್ಲಿಷ್ ತರಗತಿಗೆ ಕ್ರೀಡೆಯನ್ನು ತರುವ ಬಗೆಯ ಮೇಲೆ 2016ರಲ್ಲಿ ಕೈಪಿಡಿಯನ್ನೇ ಸಂಪಾದಿಸಿಕೊಟ್ಟ ಅಲನ್ ಬ್ರೌನ್, ಲ್ಯೂಕ್ ರೋಡಸೈಲರ್ ಇದ್ದಾರೆ. ಅವರ ಪುಸ್ತಕಗಳಿಗೆ ನನ್ನ ರಜೆ ಸಾಲಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಮೊದಲ ವಾರವೇ ಆ ಎರಡು ಸಾಲು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದೆ. ಇದು ಬೇಸ್‌ಬಾಲ್, ಒಂಬತ್ತು ಇನಿಂಗ್ಸ್, ಮೇಲಿನ ತಂಡ ಮೊದಲು ಹೊಡೆಯುತ್ತದೆ, ಕೆಳಗಿನದು ಆಮೇಲೆ ಎಂದಷ್ಟೇ ಹೇಳಿ, ಕೊನೆಯ ಎಕ್ಸ್ ಯಾಕಿದೆ ಹೇಳಿ ನೋಡೋಣ ಎಂದೆ. ನನಗೆ ಅದು ಗ್ರಂಥಾಲಯದಲ್ಲಿ ಬೇರೊಬ್ಬರನ್ನು ಕೇಳಿ ಗೊತ್ತಾದದ್ದು. ಮುಂದಿನ ಬೆಂಚಿನವರು ಸೊನ್ನೆ ಅಂದರು, ಅಚ್ಚಿನ ತಪ್ಪು ಅಂದರು, ಮಳೆ ಬಂದಿರಬೇಕು ಅಂದರು. ಕೊನೆಯ ಬೆಂಚಿನ ಹುಡುಗ ಎದ್ದು ನಿಂತ. ಎದ್ದು ನಿಲ್ಲು ಎಂದು ನಾನು ಹೇಳಿರಲಿಲ್ಲ.

“ಅವ್ರು ಆಗ್ಲೇ ಗೆದ್ದಿದಾರಲ್ಲ ಸಾರ್, ಇನ್ಯಾಕೆ ಆಡ್ತಾರೆ?” ಅಂದ. ಆಮೇಲೆ ಬೋರ್ಡಿನ ಹತ್ತಿರವೇ ಬಂದು ಮೂರನೇ ಅಂಕಿಯ ಮೇಲೆ ಬೆರಳಿಟ್ಟು ಕೇಳಿದ: “ಈ ಒಂದು ಯಾರು ಹೊಡ್ದಿದ್ದು ಸಾರ್?”