ಡೈರಿ ಕಾರ್ಡೂ, ಮರೆಗುಳಿ ಯಂತ್ರವೂ

ಪ್ರತಿ ದಿನ ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದ ಮೇಲೆ ನನಗೆ ಮೊದಲು ಒಂದು ಕೆಲಸ ಇರ್ತಿತ್ತು. ನಿನ್ನೆ ಸಂಜೆ ಏಳರವರೆಗೂ ನನ್ನ ಜೊತೆ ಕೋಡ್ ಬರೆದ ಎಐ ಸಹಾಯಕನಿಗೆ ನಮ್ಮ ಪ್ರಾಜೆಕ್ಟ್ ಏನು, ಯಾವ ದಾರಿ ಹಿಡಿದು ಕೆಟ್ಟಿದ್ವಿ, ಎಲ್ಲಿಗೆ ನಿಲ್ಲಿಸಿದ್ವಿ ಅಂತ ಮತ್ತೆ ಮೊದಲಿಂದ ಹೇಳೋದು. ಅಷ್ಟು ಬುದ್ಧಿ ಇರೋ ಯಂತ್ರಕ್ಕೆ ನಿನ್ನೆಯದು ಯಾಕೆ ನೆನಪಿರಲ್ಲ? ಈ ಪ್ರಶ್ನೆ ಹಿಡಿದು ಹಿಂದಕ್ಕೆ ಹೋದರೆ ಸುಮಾರು ಅರವತ್ತು ವರ್ಷದ ಕಥೆಯೇ ಇದೆ.

ಇಸವಿ 1966. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಅನ್ನೋ ಪ್ರೊಫೆಸರು 'ಎಲೈಜಾ' ಎಂಬ ಮಾತಾಡುವ ಪ್ರೋಗ್ರಾಮಿನ ಬಗ್ಗೆ ಲೇಖನ ಪ್ರಕಟಿಸಿದರು. ನೀವು ಟೈಪ್ ಮಾಡಿದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆ ಕೇಳೋದು ಅದರ ಉಪಾಯ. ಒಳಗೆ ಒಂದು ಪುಟ್ಟ ನೆನಪಿನ ಪೆಟ್ಟಿಗೆಯೂ ಇತ್ತು. 'ನನ್ನ' ಅನ್ನೋ ಪದ ಇರುವ ಮಾತು ಬಂದರೆ ಎತ್ತಿಟ್ಟುಕೊಳ್ಳುತ್ತಿತ್ತು. ಮುಂದೆ ಏನು ಹೇಳಬೇಕೋ ತೋಚದಾಗ ಆ ಹಳೇ ಮಾತನ್ನೇ ತೆಗೆದು ಕೇಳುತ್ತಿತ್ತು. ಇಷ್ಟಕ್ಕೇ ಜನ ಮರುಳಾದರು. ವೈಜೆನ್‌ಬಾಮರ ಕಾರ್ಯದರ್ಶಿಯೇ ಎಲೈಜಾ ಜೊತೆ ಮಾತಾಡುವಾಗ 'ನೀವು ಸ್ವಲ್ಪ ಹೊರಗೆ ಹೋಗಿ' ಅಂತ ಅವರಿಗೆ ಹೇಳಿದರಂತೆ. ನಮ್ಮ ಹಳೇ ಮಾತು ನೆನಪಿಟ್ಟವರು ನಮಗೆ ಹತ್ತಿರದವರು ಅನ್ನಿಸಿಬಿಡುತ್ತೆ, ಅಲ್ವಾ?

ಮುಂದೆ ವೆಬ್ ಬಂತು. ಅದಕ್ಕೂ ಇದೇ ಮರೆವು. ಒಂದು ಪುಟ ನೋಡಿ ಎರಡನೇ ಪುಟ ಕೇಳೋ ಹೊತ್ತಿಗೆ ಸರ್ವರ್ ಪಾಲಿಗೆ ನೀವು ಹೊಸಬರು. ಆನ್‌ಲೈನ್ ಅಂಗಡಿಯಲ್ಲಿ ಬುಟ್ಟಿಗೆ ಸಾಮಾನು ಹಾಕಿದ್ದು ಯಾರು ಅಂತ ತಿಳಿಯೋದು ಹೇಗೆ? 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದಕ್ಕೆ 'ಕುಕಿ' ಅನ್ನೋ ದಾರಿ ಹುಡುಕಿದರು. ಸರ್ವರ್ ಒಂದು ಚಿಕ್ಕ ಚೀಟಿ ಕೊಡುತ್ತೆ, ಬ್ರೌಸರ್ ಅದನ್ನಿಟ್ಟುಕೊಂಡು ಪ್ರತಿ ಸಲ ತೋರಿಸುತ್ತೆ. ಚೀಟಿ ಇರೋದು ನಮ್ಮ ಕಂಪ್ಯೂಟರಿನಲ್ಲೇ, ಆದರೆ ಅದರಲ್ಲಿ ಬರೆದಿದ್ದು ಸಾಮಾನ್ಯ ಜನಕ್ಕೆ ಅರ್ಥವಾಗಲ್ಲ. ಕೆಲವೇ ವರ್ಷಗಳಲ್ಲಿ ಜಾಹೀರಾತು ಕಂಪನಿಗಳು ಅದೇ ಚೀಟಿ ಹಿಡಿದು ಸೈಟಿಂದ ಸೈಟಿಗೆ ನಮ್ಮ ಬೆನ್ನು ಹತ್ತಿದವು.

2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದಾಗ ಹಳೇ ಮರೆವು ಹೊಸ ವೇಷದಲ್ಲಿ ಬಂತು. ಇಂಥ ಭಾಷಾ ಮಾದರಿ ಕಲಿಯೋದೆಲ್ಲ ತರಬೇತಿಯಲ್ಲೇ ಮುಗಿದಿರುತ್ತೆ. ನೀವು ಮಾತಾಡಿದ್ದರಿಂದ ಅದರೊಳಗೆ ಏನೂ ಬದಲಾಗಲ್ಲ. ನೀವು ಹತ್ತನೇ ಪ್ರಶ್ನೆ ಕೇಳಿದಾಗ ಹಿಂದಿನ ಒಂಬತ್ತು ಪ್ರಶ್ನೆ, ಒಂಬತ್ತು ಉತ್ತರವನ್ನೂ ಸೇರಿಸಿ ಅದರ ಮುಂದೆ ಇಡಬೇಕು. ಹಾಗೆ ಇಡೋಕಿರುವ ಜಾಗಕ್ಕೆ 'ಕಾಂಟೆಕ್ಸ್ಟ್ ವಿಂಡೋ' ಅಂತಾರೆ. 2020ರ ಜಿಪಿಟಿ-3ಗೆ ಆ ಜಾಗ 2,048 ಟೋಕನ್, ಅಂದರೆ ಪದದ ಚೂರುಗಳು. 2024ರ ಫೆಬ್ರುವರಿಯಲ್ಲಿ ಗೂಗಲ್ ತನ್ನ ಜೆಮಿನಿ 1.5 ಮಾದರಿಗೆ 10 ಲಕ್ಷ ಟೋಕನ್ ಜಾಗ ತೋರಿಸಿತು. ಕನ್ನಡದ ಪದಗಳು ಇಂಗ್ಲಿಷಿಗಿಂತ ಹೆಚ್ಚು ಚೂರಾಗ್ತವೆ. ಹಾಗಾಗಿ ಅದೇ ವಿಷಯವನ್ನು ನಮ್ಮ ಭಾಷೆಯಲ್ಲಿ ಹೇಳಿದರೆ ಜಾಗ ಬೇಗ ತುಂಬುತ್ತೆ.

ಜಾಗ ಎಷ್ಟು ದೊಡ್ಡದಾದರೂ ಹೊಸ ಸೆಷನ್ ಶುರುವಾದರೆ ಹಲಗೆ ಖಾಲಿ. ಇದಕ್ಕೆ ಉಪಾಯ ಹಳೇ ಪಠ್ಯದಿಂದಲೇ ಬಂತು. ಬಿಇಯಲ್ಲಿ ಆಪರೇಟಿಂಗ್ ಸಿಸ್ಟಮ್ಸ್ ಪರೀಕ್ಷೆಗೆ ನಾವೆಲ್ಲ 'ವರ್ಚುವಲ್ ಮೆಮೊರಿ' ಉರು ಹೊಡೆದವರೇ. ಮ್ಯಾಂಚೆಸ್ಟರ್‌ನಲ್ಲಿ 1962ರಲ್ಲಿ ಶುರುವಾದ ಅಟ್ಲಾಸ್ ಕಂಪ್ಯೂಟರಿನಲ್ಲೇ ಅದಿತ್ತು: ಚಿಕ್ಕ ಮೆಮೊರಿ ಸಾಲದಾದಾಗ ಬೇಡದ್ದನ್ನು ಹೊರಗಿನ ಡ್ರಮ್ಮಿಗೆ ಹಾಕು, ಬೇಕಾದಾಗ ಒಳಗೆ ತಾ. 2023ರ ಅಕ್ಟೋಬರಿನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 'ಮೆಮ್‌ಜಿಪಿಟಿ' ಪ್ರಬಂಧದಲ್ಲಿ ಭಾಷಾ ಮಾದರಿಗೂ ಇದನ್ನೇ ಮಾಡಿದರು. ಮುಖ್ಯ ಅಂಶವನ್ನು ಮಾದರಿಯೇ ಹೊರಗೆ ಬರೆದಿಡುತ್ತೆ, ಬೇಕಾದಾಗ ಹುಡುಕಿ ತರುತ್ತೆ. 2024ರ ಫೆಬ್ರುವರಿಯಲ್ಲಿ ಚಾಟ್‌ಜಿಪಿಟಿಗೆ 'ಮೆಮೊರಿ' ಪರೀಕ್ಷೆ ಶುರುವಾಯಿತು. 2025ರ ಏಪ್ರಿಲ್ ಹೊತ್ತಿಗೆ ಅದು ಬಳಕೆದಾರರ ಹಿಂದಿನ ಮಾತುಕತೆಗಳನ್ನೂ ನೋಡಿ ಉತ್ತರಿಸತೊಡಗಿತು. ಎಲೈಜಾ ಕಾಲದಿಂದ ಇಲ್ಲಿಯವರೆಗೂ ನೆನಪು ಅಂದರೆ ಯಾರೋ ಚೀಟಿ ಬರೆದಿಡೋದು, ಆಮೇಲೆ ಅದನ್ನು ಓದಿ ಹೇಳೋದು.

ಚೀಟಿ ತಪ್ಪಾದರೆ ಏನಾಗುತ್ತೆ ಅಂತ ನನಗೆ ಗೊತ್ತಾಗಿದ್ದು ಕಳೆದ ವರ್ಷ. ದಿನಾ ಹೇಳಿ ಬೇಸತ್ತು, ಪ್ರತಿ ಸಂಜೆ 'ಇವತ್ತಿನ ಸಾರಾಂಶ ಬರೆದಿಡು' ಅಂತ ಸಹಾಯಕನಿಗೇ ಹೇಳೋಕೆ ಶುರು ಮಾಡಿದ್ದೆ. ಬೆಳಗ್ಗೆ ಆ ಫೈಲ್ ಕೊಟ್ಟರೆ ಕೆಲಸ ನಿಂತಲ್ಲಿಂದ ಮುಂದಕ್ಕೆ. ಅದರಲ್ಲೊಂದು ಸಾಲಿತ್ತು: ಮೊತ್ತಗಳೆಲ್ಲ ರೂಪಾಯಿಯಲ್ಲಿವೆ. ಬರೆದ ದಿನ ಅದು ನಿಜ. ಆಮೇಲೆ ನಾವು ಪೈಸೆಗೆ ಬದಲಾಯಿಸಿದ್ವಿ, ಸಾಲು ಹಾಗೇ ಉಳಿಯಿತು. ಮೂರು ವಾರ ಕಳೆದು ಸಹಾಯಕ ಆ ಸಾಲನ್ನು ನಂಬಿ ಬಿಲ್ಲಿನ ಕೋಡ್ ಬರೆದ, ನಾನು ಅವನನ್ನು ನಂಬಿದೆ. 450 ರೂಪಾಯಿ ಕೊಡಬೇಕಾದವರಿಗೆ 45,000 ಅಂತ ಬಿಲ್ ಹೋಯಿತು. ರಾತ್ರಿ ಹನ್ನೊಂದಕ್ಕೆ ಮ್ಯಾನೇಜರ್ ಫೋನು. ಮರೆತಿದ್ದರೆ ಕೇಳ್ತಿತ್ತು, ತಪ್ಪು ನೆನಪಿದ್ದದ್ದಕ್ಕೆ ಕೇಳಲೇ ಇಲ್ಲ.

ಆವತ್ತು ರಾತ್ರಿ ನೆನಪಾಗಿದ್ದು ನಮ್ಮೂರ ಹಾಲಿನ ಡೈರಿ. ಅಮ್ಮ ಹಾಲು ಹಾಕಿದಾಗ ಲೆಕ್ಕ ಎರಡು ಕಡೆ ಬೀಳುತ್ತಿತ್ತು, ಡೈರಿಯ ರಿಜಿಸ್ಟರಿನಲ್ಲಿ ಒಂದು, ಅಮ್ಮನ ಕಾರ್ಡಿನಲ್ಲಿ ಒಂದು. ಅಮ್ಮನಿಗೆ ಓದು ಬರಲ್ಲ, ಅಂಕಿ ಬರುತ್ತೆ. ಒಂದು ಸಲ ಬಟವಾಡೆಯಲ್ಲಿ ದುಡ್ಡು ಕಮ್ಮಿ ಬಂದಾಗ ಕಾರ್ಡ್ ಹಿಡಿದು ಹೋಗಿ, 'ಮೂರೂವರೆ ಹಾಕಿದೀನಿ, ನೀನು ಎರಡೂವರೆ ಬರ್ಕೊಂಡಿದೀಯ, ನೋಡಪ್ಪಾ' ಅಂದಳು. ಅವನು ಅಲ್ಲೇ ಹೊಡೆದು ತಿದ್ದಿದ.

ಈ ಸಹಾಯಕರ ನೆನಪಿನಲ್ಲಿ ರಿಜಿಸ್ಟರ್ ಇರೋದು ಕಂಪನಿಯ ಹತ್ತಿರ. ನೋಡೋಕೆ, ಅಳಿಸೋಕೆ ಗುಂಡಿ ಕೊಟ್ಟಿದ್ದಾರೆ, ನಿಜ. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಕೋರ್ಟೊಂದು ಕೃತಿಸ್ವಾಮ್ಯದ ಮೊಕದ್ದಮೆಯಲ್ಲಿ, ಬಳಕೆದಾರರು ಅಳಿಸಿದ ಮಾತುಕತೆಗಳನ್ನೂ ಉಳಿಸಿಡಿ ಅಂತ ಓಪನ್‌ಎಐ ಕಂಪನಿಗೆ ಆದೇಶ ಮಾಡಿತ್ತು. ಅಳಿಸಿದೆವು ಅಂತ ನಾವು ಅಂದುಕೊಂಡಿದ್ದು ಅಳಿದಿರಲೇಬೇಕು ಅಂತೇನಿಲ್ಲ.

ಸಹಾಯಕನ ನೆನಪು ಬೇಡ ಅಂತ ನಾನು ಹೇಳ್ತಿಲ್ಲ, ಅದಿಲ್ಲದೆ ನನ್ನ ಬೆಳಗು ಸಾಗಲ್ಲ. ಆದರೆ ಈಗ ಸಾರಾಂಶದ ಫೈಲು ನನ್ನ ಹತ್ತಿರವೇ ಇದೆ, ಪ್ರತಿ ಸಾಲಿಗೂ ತಾರೀಕು ಇದೆ. ಶುಕ್ರವಾರ ಸಂಜೆ ಮನೆಗೆ ಹೊರಡೋ ಮುಂಚೆ ಕೂತು ಓದುತ್ತೀನಿ, ಸುಳ್ಳಾಗಿರೋದನ್ನು ಹೊಡೆದು ಹಾಕುತ್ತೀನಿ. ಅಮ್ಮನ ಕಾರ್ಡ್ ಅಂದ್ಕೊಳ್ಳಿ.