ಬಟ್ಟೆ ಸೋಕಿದರೂ ಉರಿಯುವ ಕಾಲು: ಸಣ್ಣ ನರಗಳ ಅಧ್ಯಯನ ಬೆಳೆದ ಬಗೆ

ಮೊಣಕಾಲಿನ ಕೆಳಗೆ ಗಾಯವಿಲ್ಲ, ಬಾವಿಲ್ಲ, ಚರ್ಮ ಕೆಂಪಾಗಿಲ್ಲ. ಆದರೂ ಹೊದಿಕೆ ಸೋಕಿದರೆ ಸಾಕು, ಉರಿ ಏಳುತ್ತದೆ. ಇಂಥ ರೋಗಿಗಳಿಗೆ ಬಹುಕಾಲ ಸಿಕ್ಕ ಉತ್ತರ ‘ಎಲ್ಲ ಸರಿಯಾಗಿದೆ’ ಎಂಬುದು. ಸಣ್ಣ ನರಗಳ ಅಧ್ಯಯನದ ಚರಿತ್ರೆ ನೋಡಿದರೆ ಕೊರತೆ ಇದ್ದದ್ದು ವೈದ್ಯರ ಅಳತೆಗೋಲಿನಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ನರಕ್ಕೆ ಪೆಟ್ಟಾದವರ ಚರ್ಮ ಮುಟ್ಟಿಸಿಕೊಳ್ಳಲಾಗದಷ್ಟು ಉರಿಯುವುದನ್ನು ವೈದ್ಯ ಸಿಲಾಸ್ ವಿಯರ್ ಮಿಚೆಲ್ ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಕಂಡು 1864ರಲ್ಲೇ ದಾಖಲಿಸಿದ್ದರು. ನಮ್ಮ ದೇಶದ ಪೋಷಣವಿಜ್ಞಾನಿ ಸಿ. ಗೋಪಾಲನ್ 1946ರಲ್ಲಿ ಅಂಗಾಲುರಿಯನ್ನು ಬಿ ಗುಂಪಿನ ಜೀವಸತ್ವಗಳ ಕೊರತೆಯೊಂದಿಗೆ ಜೋಡಿಸಿ ಬರೆದರು. ರೋಗಲಕ್ಷಣ ಹೀಗೆ ಮೊದಲೇ ತಿಳಿದಿತ್ತು. ಕೆಟ್ಟದ್ದು ಯಾವ ನರತಂತು ಎಂದು ತೋರಿಸುವ ದಾರಿ ಇರಲಿಲ್ಲ.

ನರತಂತು ದಪ್ಪವಾದಷ್ಟೂ ಅದರಲ್ಲಿ ಸಂಕೇತದ ವೇಗ ಹೆಚ್ಚು ಎಂದು ತೋರಿಸಿದ ವಿಜ್ಞಾನಿಗಳಾದ ಅರ್ಲಾಂಗರ್ ಮತ್ತು ಗ್ಯಾಸರ್ ಅವರಿಗೆ 1944ರ ನೊಬೆಲ್ ಸಂದಿತು. ಆಮೇಲೆ ಆಸ್ಪತ್ರೆಗಳಿಗೆ ಬಂದ ನರವಾಹಕತೆ ಪರೀಕ್ಷೆ ಅಳೆಯುವುದು ಸೆಕೆಂಡಿಗೆ ಸುಮಾರು 50 ಮೀಟರ್ ವೇಗದ ದಪ್ಪ ತಂತುಗಳನ್ನು. ಉರಿ, ಬಿಸಿ, ನೋವನ್ನು ಹೊತ್ತೊಯ್ಯುವ ಅತಿ ಸಣ್ಣ ತಂತುಗಳ ವೇಗ ಸೆಕೆಂಡಿಗೆ ಒಂದೆರಡು ಮೀಟರ್ ಮಾತ್ರ. ಅವು ಆ ಯಂತ್ರಕ್ಕೆ ಸಿಗುವುದೇ ಇಲ್ಲ. ಹಾಗಾಗಿ ಅವು ಹಾಳಾಗಿದ್ದರೂ ವರದಿ ಚೊಕ್ಕವಾಗಿಯೇ ಬರಬಹುದು. 1990ರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಶೋಧಕರು ಚರ್ಮದ ಚೂರಿಗೆ ಬಣ್ಣ ಹಿಡಿಸಿ ಹೊರಪದರದ ತಂತುಗಳನ್ನು ಎಣಿಸುವ ವಿಧಾನವನ್ನು ರೂಢಿಗೆ ತಂದರು. ಪಾದದ ಗಂಟಿನಿಂದ 10 ಸೆಂಟಿಮೀಟರ್ ಮೇಲೆ ತೆಗೆದ 3 ಮಿಲಿಮೀಟರ್ ಅಗಲದ ಚೂರು ಇದಕ್ಕೆ ಸಾಕು. ಇಂಥ ರೋಗಿಗಳಲ್ಲಿ ಕೆಲವರಿಗೆ, ನರದಲ್ಲಿ ಸಂಕೇತ ಹುಟ್ಟಿಸುವ ಸೋಡಿಯಂ ವಾಹಿನಿಯ ಜೀನೇ ಬದಲಾಗಿರುತ್ತದೆ ಎಂಬುದು 2012ರಲ್ಲಿ ಹೊರಬಿತ್ತು.

ಚರ್ಮದ ಚೂರಿನಲ್ಲಿ ತಂತುಗಳ ಎಣಿಕೆ ಕಡಿಮೆ ಬಂದ ಮಾತ್ರಕ್ಕೆ ನೋವಿನ ಮೂಲ ಅದೇ ಎನ್ನಬಹುದೇ ಎಂಬ ಆಕ್ಷೇಪ ನ್ಯಾಯವಾದದ್ದೇ. ತಂತುಗಳು ಕಡಿಮೆಯಿದ್ದೂ ನೋವಿಲ್ಲದವರಿದ್ದಾರೆ. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯದ ರೋಗಿಗಳಲ್ಲೂ ಹಲವರಿಗೆ ಇದೇ ಕೊರತೆ ಕಂಡಿದೆ. ಅದಕ್ಕೇ ರೋಗಿಯ ಮಾತು, ವೈದ್ಯರ ತಪಾಸಣೆ, ಎಣಿಕೆ ಮೂರೂ ಕೂಡಿದಾಗ ಮಾತ್ರ ನಿರ್ಣಯ ಗಟ್ಟಿಯಾಗುತ್ತದೆ. ಪೂರ್ತಿ ಗುಣಪಡಿಸುವ ಮದ್ದಿಲ್ಲದಿದ್ದರೆ ರೋಗಕ್ಕೆ ಹೆಸರಿಟ್ಟು ಪ್ರಯೋಜನವೇನು ಎಂಬುದು ಇನ್ನೊಂದು ಆಕ್ಷೇಪ. ಹೆಸರು ಸಿಕ್ಕರೆ ಕಾರಣದ ಹುಡುಕಾಟ ಶುರುವಾಗುತ್ತದೆ: ಮಧುಮೇಹ, ಅದರ ಹಿಂದಿನ ಹಂತ, ಬಿ12 ಕೊರತೆ, ಥೈರಾಯ್ಡ್ ತೊಂದರೆ, ಮದ್ಯಪಾನ, ಕೆಲವು ಔಷಧಿಗಳು. ಸಸ್ಯಾಹಾರಿಗಳು ಹೆಚ್ಚಿರುವ ಮನೆಗಳಲ್ಲಿ, ಮಧುಮೇಹದ ಔಷಧಿ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ನೋಡಲೇಬೇಕು. ಎಷ್ಟೋ ಮಂದಿಯಲ್ಲಿ ಕಾರಣ ಸಿಗುವುದಿಲ್ಲ ನಿಜ. ಸಿಕ್ಕವರಲ್ಲಿ ಹಾನಿ ಮುಂದುವರಿಯದಂತೆ ತಡೆಯುವ ಅವಕಾಶವಿದೆ.

ಒಂದೇ ಕಾಲು ಊದಿ ಬಿಸಿಯಾದರೆ ರಕ್ತ ಹೆಪ್ಪುಗಟ್ಟಿರಬಹುದು, ಸೋಂಕೂ ಇರಬಹುದು. ಅಂಥವರು ಅಂದೇ ಆಸ್ಪತ್ರೆಗೆ ಹೋಗಬೇಕು. ಎರಡೂ ಕಾಲುಗಳಲ್ಲಿ ಉರಿ ತಿಂಗಳುಗಟ್ಟಲೆ ಉಳಿದವರು ಒಂದು ಚೊಕ್ಕ ವರದಿಗೆ ಸುಮ್ಮನಾಗದೆ, ಸಣ್ಣ ನರಗಳನ್ನು ಪರೀಕ್ಷಿಸಿದ್ದಾರೆಯೇ ಎಂದು ವೈದ್ಯರನ್ನು ಕೇಳಲಿ. ವೈದ್ಯರೂ ಆ ಪ್ರಶ್ನೆಯನ್ನು ಗೌರವದಿಂದ ಆಲಿಸಲಿ.